ಮೂವತ್ತರ ಗೆರೆ

ಏಳುನೂರ ಅರವತ್ತೊಂದು. ನಿನ್ನೆ ಬೆಳಿಗ್ಗೆ ಏಳುನೂರ ಎಂಬತ್ತೆರಡಿತ್ತು. ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಿ, ನಲ್ಲಿಯನ್ನು ಸುಮ್ಮನೆ ಸುರಿಯಲು ಬಿಟ್ಟು, ಒದ್ದೆ ಹೆಬ್ಬೆರಳನ್ನು ಬನಿಯನ್ನಿಗೆ ಒರೆಸಿಕೊಂಡು ಅವನು ಫೋನಿನ ಪರದೆಯನ್ನು ಮತ್ತೊಮ್ಮೆ ಕೆಳಗೆಳೆದ. ಕ್ರೆಡಿಟ್ ಸ್ಕೋರಿನ ಅಂಕಿ ಕದಲಲಿಲ್ಲ. ಅದರ ಕೆಳಗೆ ಬೂದು ಅಕ್ಷರಗಳಲ್ಲಿ ಎರಡು ಸಾಲು: ಸಾಲ ಕೊಡುವ ಎರಡು ಕಂಪನಿಗಳು ಕಳೆದ ವಾರ ಅವನ ಕ್ರೆಡಿಟ್ ವರದಿಯನ್ನು ತರಿಸಿಕೊಂಡು ನೋಡಿದ್ದವು. ಹಾಗೆ ನೋಡಿದರೂ ಅಂಕಿ ಇಳಿಯುತ್ತದೆ. ಎರಡರ ಹೆಸರನ್ನೂ ಅವನು ಕೇಳಿರಲಿಲ್ಲ. ಅವನು ಎಲ್ಲಿಯೂ ಸಾಲ ಕೇಳಿರಲಿಲ್ಲ. ಹಾಗಾದರೆ ಅವನ ಹೆಸರಿನಲ್ಲಿ ಬೇರೆ ಯಾರೋ ಕೇಳಿದ್ದಾರೆ. ತಾನು ಮಲಗಿದ್ದಾಗ ಯಾರೋ ಮೆಲ್ಲಗೆ ಬಾಯಿ ಅಗಲಿಸಿ, ಬ್ಯಾಟರಿ ಬೆಳಕು ಬಿಟ್ಟು, ಒಂದೊಂದೇ ಹಲ್ಲು ಅಲ್ಲಾಡಿಸಿ ನೋಡಿ ಹೋದ ಹಾಗೆ ಅವನಿಗೆ ದವಡೆಯಲ್ಲಿ ಕಸಿವಿಸಿಯಾಯಿತು. ಹೊರಗಿನಿಂದ ಹೆಂಡತಿ ಬಾಗಿಲು ಬಡಿದಳು.

"ನೀರು ಸುಮ್ನೆ ಹೋಗ್ತಿದೆ. ಒಳಗೆ ಆ ನಂಬರಿಗೆ ಸ್ನಾನ ಮಾಡಿಸ್ತಿದ್ದೀರಾ?"

ಅವಳಿಗೆ ಹೇಗೆ ಗೊತ್ತಾಯಿತು? ದಿನಾ ಬೆಳಿಗ್ಗೆ ತಾನು ಮೊದಲು ನೋಡುವುದು ಆ ಅಂಕಿಯನ್ನೇ ಎಂಬುದು ಮನೆಯಲ್ಲಿ ಹಳೆಯ ತಮಾಷೆ, ನಿಜ. ಆದರೆ ಇವತ್ತೇ ಯಾಕೆ ಈ ಮಾತು? ಟವೆಲ್ ಸುತ್ತಿಕೊಂಡು ಹೊರಗೆ ಬಂದವನು ಅವಳ ಮುಖ ನೋಡಿದ. ತನ್ನದೇ ಕಾರ್ಡಿನ ಇನ್ನೊಂದು ಪ್ರತಿಯನ್ನು ಅವಳ ಹೆಸರಿನಲ್ಲಿ ಮಾಡಿಸಿಕೊಟ್ಟವನು ಅವನೇ. ತರಕಾರಿ, ಔಷಧಿ, ಬಸ್ಸಿನ ಪಾಸು, ಯಾವುದನ್ನೂ ನಗದು ಕೊಟ್ಟು ತರಬೇಡ, ಎಲ್ಲದಕ್ಕೂ ಪಾಯಿಂಟು ಬೀಳುತ್ತದೆ ಎಂದು ಪಾಠ ಹೇಳಿದವನೂ ಅವನೇ. ಹೋದ ವರ್ಷ ಅವಳ ತಮ್ಮ ಎರಡು ದಿನ ಬಂದಿದ್ದಾಗ ಯಾವುದೋ ಫೋನಿನ ಕನೆಕ್ಷನ್ನಿಗೆ ಬೇಕೆಂದು ಗುರುತಿನ ಚೀಟಿಯ ಪ್ರತಿ ಕೇಳಿ ಒಯ್ದಿದ್ದ. ಒಯ್ದನೋ, ಅಥವಾ ಒಯ್ಯುವ ಹಾಗೆ ಇವಳು ಮಾಡಿದಳೋ. ತಲೆ ಒರೆಸಿಕೊಳ್ಳುತ್ತಾ, ಟವೆಲಿನ ಒಳಗಿನಿಂದ, ನಿನ್ನ ತಮ್ಮ ಚೆನ್ನಾಗಿದ್ದಾನಾ ಎಂದು ಕೇಳಿದ. ಅವಳು ಬಟ್ಟೆ ಮಡಿಸುತ್ತಿದ್ದವಳು ನಿಲ್ಲಿಸಿದಳು. ಆರು ತಿಂಗಳಿಂದ ಅವನ ಹೆಸರೆತ್ತದವರು ಇವತ್ತು ಎತ್ತಿದ್ದೀರಿ, ಏನು ಕಳೆದುಹೋಗಿದೆ ಹೇಳಿ, ಹುಡುಕಿ ಕೊಡುತ್ತೇನೆ ಎಂದಳು. ಅವನು ಏನೂ ಇಲ್ಲ ಎಂದ. "ಏನೂ ಇಲ್ಲ ಅಂದ್ರೆ ನಿಮ್ಮ ಅಕ್ಕನ ಕಡೆ ಗಮನ ಕೊಡಿ. ಇವತ್ತು ಸೋಮವಾರ. ಬುಧವಾರ ಬೆಳಿಗ್ಗೆ ಅವ್ರನ್ನ ಒಳಗೆ ಕರ್ಕೊಂಡು ಹೋಗ್ತಾರೆ," ಎಂದು ಮಡಿಸಿದ ಬಟ್ಟೆಯನ್ನು ಅವನ ಎದೆಗೆ ಒತ್ತಿ ಹೋದಳು.

ಅಕ್ಕನ ಗಂಟಲಿನಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಉಳಿಯುತ್ತಾರೆ, ಆದರೆ ಮಾತು ಹೋಗುತ್ತದೆ ಎಂದು ವೈದ್ಯರು ಹೇಳಿದ್ದರು. ಅದನ್ನು ಅಕ್ಕ ಫೋನಿನಲ್ಲಿ ಹೇಳಿದ ರೀತಿಯಲ್ಲಿ ಯಾವ ರಾಗವೂ ಇರಲಿಲ್ಲ. ಬುಧವಾರದ ಮೇಲೆ ನಾನು ಬೈಯೋಕಾಗಲ್ಲ, ಬೈಸ್ಕೊಳ್ಳೋದಿದ್ರೆ ಅಷ್ಟರೊಳಗೆ ಬಾ, ಎಂದಿದ್ದಳು. ಅವ್ವ ಹೋದ ಮೇಲೆ ಅವನಿಗೆ ಅನ್ನ ಕಲಸಿಕೊಟ್ಟವಳು, ಲೆಕ್ಕದ ಮೇಷ್ಟರ ಹತ್ತಿರ ಅವನ ಪರವಾಗಿ ಜಗಳವಾಡಿದವಳು, ಹಲ್ಲು ಮಾಡುವ ಕೆಲಸ ಕಲಿಯಲು ತನ್ನ ಬಳೆ ಕೊಟ್ಟವಳು. ಅವನು ಕಲಿತು ಮಾಡಿದ ಮೊದಲ ಹಲ್ಲು ಅವಳ ಬಾಯಲ್ಲೇ ಇದೆ, ಮೇಲಿನ ಸಾಲಿನ ಎಡಗಡೆಯದು. ಬಣ್ಣ ಒಂದು ಗೆರೆ ಜಾಸ್ತಿ ಬಿಳಿಯಾಗಿತ್ತು, ಅವಳು ಬದಲಾಯಿಸಲು ಬಿಡಲಿಲ್ಲ. ಆರು ವರ್ಷದಿಂದ ಅವಳನ್ನು ನೋಡಿಲ್ಲ. ಅವಳಿರುವ ಊರಿಗೆ ರೈಲಿನಲ್ಲಿ ಮೂರು ದಿನ, ಅದೂ ವಾರಕ್ಕೆ ಎರಡೇ ರೈಲು. ಇನ್ನು ಹತ್ತಿದರೆ ಸಿಗುವುದು ಮಾತಿಲ್ಲದ ಅಕ್ಕ. ವಿಮಾನದಲ್ಲಿ ನಾಲ್ಕು ಗಂಟೆ. ನಾಳೆ ಬೆಳಗಿನ ವಿಮಾನದಲ್ಲಿ ಎರಡು ಸೀಟು ಉಳಿದಿವೆ ಎಂದು ಫೋನು ಮೂರು ದಿನದಿಂದ ಹೆದರಿಸುತ್ತಿತ್ತು. ನಲವತ್ತು ಸಾವಿರ ಪಾಯಿಂಟು ಕೊಟ್ಟರೆ ಹೋಗಿಬರುವ ಟಿಕೆಟ್ಟು ಪೂರ್ತಿ ಬಿಟ್ಟಿ. ಅವನ ಹತ್ತಿರ ಮೂವತ್ತೆಂಟು ಸಾವಿರದ ಆರುನೂರು ಇತ್ತು. ಸ್ವಲ್ಪ ಪಾಯಿಂಟು, ಸ್ವಲ್ಪ ಹಣ ಎಂದು ಬೆರೆಸಿ ಕಟ್ಟಲು ಆ ಕಾರ್ಡಿನವರು ಬಿಡುವುದಿಲ್ಲ. ಸಾವಿರದ ನಾನೂರು ಕಡಿಮೆ. ಒಂದು ಡಬ್ಬಿ ಲೋಹ ತರಿಸಿದರೆ ಅಷ್ಟು ಆ ಕ್ಷಣವೇ ಬೀಳುತ್ತದೆ.

ಲೋಹವೆಂದರೆ ಹಲ್ಲಿನ ಒಳಕವಚಕ್ಕೆ ಹಾಕುವ ಗುಂಡುಗಳು. ಅವನು ಕೆಲಸ ಮಾಡುವ ದಂತ ಲ್ಯಾಬಿಗೆ ಎರಡು ತಿಂಗಳಿಗೊಂದು ಡಬ್ಬಿ ಬೇಕು. ಅದರ ಹಣ ಯಜಮಾನರು ಕೊಡಬೇಕಾದದ್ದು. ಆದರೆ ಮೂರು ವರ್ಷದ ಹಿಂದೆ ಅವನೇ ಕೈ ಹಿಸುಕಿಕೊಂಡು ನಿಂತು, ನನ್ನ ಕಾರ್ಡಿನಲ್ಲಿ ಕಟ್ಟುತ್ತೇನೆ, ಅದೇ ದಿನ ನೀವು ನನ್ನ ಖಾತೆಗೆ ಹಾಕಿಬಿಡಿ, ನಿಮಗೇನೂ ನಷ್ಟವಿಲ್ಲ ಎಂದು ಒಪ್ಪಿಸಿದ್ದ. ಅಂದಿನಿಂದ ನೆರೆಮನೆಯ ಫ್ರಿಜ್ಜು, ಷಡ್ಡಕನ ಟಯರುಗಳು, ಬೀದಿಕೊನೆಯ ಟೈಲರನ ಹೊಲಿಗೆ ಯಂತ್ರ, ಯಾರು ಏನು ಕೊಂಡರೂ ಅಂಗಡಿಯಲ್ಲಿ ಅವರ ಹಿಂದೆ ಇವನು. ಅವರು ನಗದು ಇವನ ಕೈಗೆ ಕೊಡುತ್ತಿದ್ದರು, ಇವನು ಕಾರ್ಡು ಉಜ್ಜುತ್ತಿದ್ದ. ಅಂಗಡಿಯವರು ಇವನನ್ನು ದಲ್ಲಾಳಿ ಎಂದುಕೊಂಡರು. ಷಡ್ಡಕ ಎಲ್ಲರೆದುರಿಗೆ ನಮ್ಮ ಅಣ್ಣ ಮದುವೆ ಮನೇಲೂ ಬಿಲ್ ಎಲ್ಲಿದೆ ಅಂತ ನೋಡ್ತಾನೆ ಎಂದು ನಗಿಸಿದ. ಇವನೂ ನಕ್ಕ. ಇದನ್ನೆಲ್ಲ ಕಲಿಸಿದ್ದು ಫೋನಿನ ವೀಡಿಯೊದಲ್ಲಿ ಬರುವ ಒಬ್ಬ ಮನುಷ್ಯ. ಬಾಯಿ ತೆರೆದರೆ ಹದಿನಾರು ಸುಳ್ಳು ಹಲ್ಲು, ಲ್ಯಾಬಿನ ಹಲ್ಲಿನ ಬಣ್ಣದ ಪಟ್ಟಿಯಲ್ಲೇ ಇಲ್ಲದ ಬಿಳಿ. ಆ ಮನುಷ್ಯ ಹೇಳಿದ ನಿಯಮಗಳಲ್ಲಿ ಒಂದು ಅವನ ಮೈಗೆ ಅಂಟಿಕೊಂಡಿತ್ತು: ಕಾರ್ಡಿನ ಮಿತಿ ಎಷ್ಟೇ ಇರಲಿ, ಬಿಲ್ಲಿನ ದಿನ ಅದರ ನೂರಕ್ಕೆ ಮೂವತ್ತನ್ನು ದಾಟಬೇಡ. ದಾಟಿದರೆ ಸ್ಕೋರು ಬೀಳುತ್ತದೆ. ಸ್ಕೋರು ಬಿದ್ದರೆ ನಾಳೆ ಕಷ್ಟಕಾಲದಲ್ಲಿ ಯಾರೂ ಕೊಡುವುದಿಲ್ಲ. ಅವನು ಆ ಗೆರೆಯನ್ನು ಎಂದೂ ದಾಟಿರಲಿಲ್ಲ. ಒಮ್ಮೆ ದಾಟುವ ಸಂದರ್ಭ ಬಂದಿತ್ತು. ಆಗ ಸುಳ್ಳು ಹೇಳಿದ್ದ.

ಲ್ಯಾಬಿನ ಬಾಗಿಲು ತಳ್ಳಿದಾಗ ಪಾಲಿಶ್ ಮೋಟಾರು ಆಗಲೇ ಕಿರುಗುಟ್ಟುತ್ತಿತ್ತು. ಉದ್ದ ಕೋಣೆ, ಎರಡು ಕಿಟಕಿ, ಎರಡಕ್ಕೂ ಅಂಟಿದ ಬಿಳಿ ದೂಳು. ಕಪಾಟಿನ ತುಂಬ ಯಾರ ಯಾರದೋ ದವಡೆಗಳ ಅಚ್ಚುಗಳು, ಹಣೆಯಿಲ್ಲದ, ಕಣ್ಣಿಲ್ಲದ, ಬರೀ ಕಚ್ಚಲು ಕಾದ ಬಾಯಿಗಳು. ಮೋಟಾರಿನ ಮುಂದೆ ಕೂತವಳನ್ನು ಎಲ್ಲರೂ ಕರೆಯುವುದು ಮೆರುಗಮ್ಮ ಎಂದು. ಹನ್ನೊಂದು ವರ್ಷದಿಂದ ಅವನು ಕಟ್ಟಿದ ಹಲ್ಲುಗಳಿಗೆ ಮೆರುಗು ಕೊಡುವವಳು ಅವಳೇ. ಮೂಗಿನವರೆಗೆ ಬಟ್ಟೆ ಕಟ್ಟಿಕೊಂಡಿದ್ದರಿಂದ ಅವಳ ಮುಖದಲ್ಲಿ ನೋಡಲು ಸಿಗುವುದು ಕಣ್ಣು ಮಾತ್ರ. ಕಣ್ಣಿನಿಂದ ಏನೂ ತಿಳಿಯುವುದಿಲ್ಲ ಎಂಬುದು ಅವನ ಅನುಭವ. ಮನುಷ್ಯರು ಸುಳ್ಳು ಹೇಳುವಾಗ ಕಾಣುವುದು ಹಲ್ಲು. ಮೂಲೆಯಲ್ಲಿ, ನೀಲಿ ಹೊದಿಕೆಯ ಕೆಳಗೆ, ಕಳೆದ ತಿಂಗಳು ಪ್ರದರ್ಶನಕ್ಕೆಂದು ತಂದಿಟ್ಟ ಹೊಸ ಯಂತ್ರ. ಬಿಳಿಯ ಇಟ್ಟಿಗೆಯೊಂದನ್ನು ಒಳಗಿಟ್ಟರೆ ಅದೇ ಕೊರೆದು ಹದಿನೈದು ನಿಮಿಷಕ್ಕೆ ಹಲ್ಲು ಕೊಡುತ್ತದೆ. ಅವನಿಗೆ ಒಂದು ಹಲ್ಲಿಗೆ ಅರ್ಧ ದಿನ ಬೇಕು, ಪುಡಿ ಕಲಸಿ, ಕುಂಚದ ತುದಿಯಲ್ಲಿ ಎತ್ತಿ, ಪದರದ ಮೇಲೆ ಪದರ.

ಪುಡಿ ಕಲಸಲು ಕೂತ. ಎಡಗಡೆಯ ಡ್ರಾಯರಿನಲ್ಲಿ ಅವನ ಗುರುತಿನ ಚೀಟಿಯ ಪ್ರತಿಗಳಿವೆ, ಲೋಹದ ಅಂಗಡಿಯವರಿಗೆ ಕೊಡಲು ಇಟ್ಟದ್ದು. ಬೀಗವಿಲ್ಲ. ಆ ಡ್ರಾಯರಿನಿಂದ ಮೆರುಗಮ್ಮನ ಸ್ಟೂಲಿಗೆ ಮೂರು ಹೆಜ್ಜೆ. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವಳು ಆ ಮೂರು ಹೆಜ್ಜೆ ದಾಟಿ ಬಂದು, ಬಟ್ಟೆಯನ್ನು ಗಲ್ಲದ ಕೆಳಗೆ ಎಳೆದು, ಮಗಳನ್ನು ಆಸ್ಪತ್ರೆಗೆ ಸೇರಿಸಬೇಕು, ಮುಂಗಡ ಕಟ್ಟದೆ ಹಾಸಿಗೆ ಕೊಡುವುದಿಲ್ಲವಂತೆ, ನಿಮ್ಮ ಕಾರ್ಡಿನಲ್ಲಿ ಕಟ್ಟಿ, ನಾಲ್ಕನೇ ದಿನಕ್ಕೆ ಚೀಟಿ ಹಣ ಬರುತ್ತದೆ, ಅಷ್ಟೂ ಕೈಗಿಡುತ್ತೇನೆ, ಪಾಯಿಂಟೂ ನಿಮಗೇ ಅಣ್ಣಾ, ಎಂದಿದ್ದಳು. ಪಾಯಿಂಟೂ ನಿಮಗೇ ಎಂದಾಗ ಅವಳು ನಗಲು ಪ್ರಯತ್ನಿಸಿದ್ದು ಅವನಿಗೆ ಇನ್ನೂ ನೆನಪಿದೆ. ಬಿಲ್ಲು ಮಾರನೆಯ ದಿನ. ಆ ಮೊತ್ತ ಸೇರಿಸಿದರೆ ನೂರಕ್ಕೆ ನಲವತ್ತೆಂಟು. ಅವನು ಮನಸ್ಸಿನಲ್ಲೇ ಕೂಡಿ, ಭಾಗಿಸಿ, ತಲೆ ಎತ್ತದೆ, ಕಾರ್ಡು ಬ್ಲಾಕ್ ಆಗಿದೆ ಎಂದ. ಅವಳು ಹೌದಾ ಎಂದಳು. ಮತ್ತೆ ಬಟ್ಟೆ ಮೇಲೆಳೆದುಕೊಂಡು ಹೋಗಿ ಮೋಟಾರು ಹಚ್ಚಿದಳು. ಮಗಳು ಹೇಗೋ ಬದುಕಿದಳು. ಹೇಗೆ ಎಂದು ಅವನು ಕೇಳಿರಲಿಲ್ಲ. ಕೇಳಿದರೆ ಎಲ್ಲಿಂದ ತಂದೆ ಎಂಬುದೂ ಬರುತ್ತದೆ. ಅಂದಿನಿಂದ ಅವಳು ಅವನ ಹಲ್ಲುಗಳಿಗೆ ಕೊಡುವ ಮೆರುಗಿನಲ್ಲೂ ಅವನಿಗೆ ಏನೋ ಒಂದು ಅನುಮಾನ. ತೀರಾ ಚೆನ್ನಾಗಿ ಉಜ್ಜುತ್ತಿದ್ದಾಳೆ, ಯಾಕೆ?

ಈಗ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಅವಳಿಗೆ ಹಣ ಬೇಕಿತ್ತು. ಅವಳಿಗೆ ಅವನ ಮೇಲೆ ಸಿಟ್ಟಿರಲೇಬೇಕು. ಡ್ರಾಯರಿಗೆ ಬೀಗವಿಲ್ಲ. ಎದ್ದು ಹೋಗಿ ಪ್ರತಿಗಳನ್ನು ಎಣಿಸಿದ, ನಾಲ್ಕಿದ್ದವು, ಎಷ್ಟಿದ್ದವು ಎಂಬುದು ನೆನಪಿರಲಿಲ್ಲ. ಐದಿತ್ತು ಎಂದು ಅವನು ನಿರ್ಧರಿಸಿದ. ಮೋಟಾರಿನ ಸದ್ದಿನ ಮೇಲೆ ಧ್ವನಿ ಏರಿಸಿ, ಮೆರುಗಮ್ಮ, ಈ ಡ್ರಾಯರಿಂದ ನನ್ನ ಚೀಟಿ ಪ್ರತಿ ಏನಾದ್ರೂ ತಗೊಂಡ್ರಾ, ಸುಮ್ನೆ ಕೇಳ್ತಿದ್ದೀನಿ, ಎಂದ. ಸುಮ್ನೆ ಎಂಬ ಮಾತು ಅವನ ಬಾಯಲ್ಲೇ ಹುಳಿಯಾಯಿತು. ಅವಳು ಮೋಟಾರು ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಹಲ್ಲನ್ನು ತಿರುಗಿಸಿ ಇನ್ನೊಂದು ಮಗ್ಗುಲು ಉಜ್ಜಿ, ಬೆಳಕಿಗೆ ಹಿಡಿದು, ತಟ್ಟೆಯಲ್ಲಿಟ್ಟಳು.

"ಅವತ್ತು ನಿಮ್ಮ ಕಾರ್ಡು ಬ್ಲಾಕ್ ಆಗಿತ್ತಲ್ಲ ಅಣ್ಣಾ, ಅವತ್ತೇ ಮಧ್ಯಾಹ್ನ ಲೋಹದ ಡಬ್ಬಿ ಬಂತು. ನೀವು ಊಟಕ್ಕೆ ಹೋಗಿದ್ರಿ. ಸೈನ್ ಹಾಕಿ ಇಸ್ಕೊಂಡಿದ್ದು ನಾನು. ಕಾರ್ಡಲ್ಲಿ ಕಟ್ಟಿದ್ದಾರೆ ಅಂತ ರಸೀದೀಲಿ ಬರೆದಿತ್ತು."

ಅವನು ಡ್ರಾಯರನ್ನು ಮುಚ್ಚಿದ.

"ಎಂಟು ತಿಂಗಳಿಂದ ನಾನು ಏನೂ ಕೇಳ್ಲಿಲ್ಲ. ನೀವು ಚೀಟಿಯ ಪ್ರತಿ ಕೇಳ್ತಿದ್ದೀರಿ."

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವನು ಫೋನು ತೆಗೆದುಕೊಂಡು, ಬಟ್ಟೆ ತೂಗುಹಾಕುವ ಇಕ್ಕಟ್ಟು ಹಜಾರಕ್ಕೆ ಹೋಗಿ, ವರದಿಯಲ್ಲಿದ್ದ ಮೊದಲ ಕಂಪನಿಯ ನಂಬರಿಗೆ ಕರೆ ಮಾಡಿದ. ಹಾಡು ಕೇಳಿಸಿದರು, ಒಂದು ಒತ್ತಿ ಎಂದರು, ನಾಲ್ಕು ಒತ್ತಿ ಎಂದರು, ಕೊನೆಗೆ ಒಬ್ಬ ಹುಡುಗಿ ಅವನ ಹುಟ್ಟಿದ ದಿನ ಕೇಳಿ ಖಾತ್ರಿ ಮಾಡಿಕೊಂಡು, ಸರ್ ಅದು ಯಂತ್ರದ ಸಾಲ, ಲ್ಯಾಬಿನ ಮಾಲೀಕರು ಅರ್ಜಿದಾರರು, ಇನ್ನೊಂದು ಕಂಪನಿಯಲ್ಲೂ ಕೇಳಿದ್ದರಂತೆ, ನೀವು ಸಹ-ಅರ್ಜಿದಾರರು, ಅವರ ಸ್ಕೋರು ಕಡಿಮೆ ಇದ್ದದ್ದರಿಂದ ನಿಮ್ಮದರ ಮೇಲೆ ಮಂಜೂರಾಗಿದೆ, ಇವತ್ತು ನಿಮ್ಮ ಫೋನಿಗೆ ಒಂದು ಕೋಡ್ ಬರುತ್ತದೆ, ಅದನ್ನು ಹೇಳಿದರೆ ಮುಗಿಯಿತು, ಅಭಿನಂದನೆಗಳು ಸರ್ ಎಂದಳು. ಗೋಡೆಗೆ ತೂಗುಹಾಕಿದ ಬಿಳಿ ಕೋಟುಗಳ ನಡುವೆ ಅವನು ನಿಂತೇ ಇದ್ದ. ನೀಲಿ ಹೊದಿಕೆ. ಯಂತ್ರ ತಂದಿಟ್ಟ ದಿನ ಯಜಮಾನರು ಎಲ್ಲರಿಗೂ ಸಿಹಿ ಹಂಚಿದ್ದರು. ಅವನ ಒಂದು ಕೈಯಲ್ಲಿ ಸಿಹಿ ಇತ್ತು. ಇಲ್ಲೊಂದು ಸಾಕ್ಷಿ ಸಹಿ ಹಾಕಿಬಿಡಿ, ಇಲ್ಲೊಂದು, ಇಲ್ಲೊಂದು, ಎಂದು ಅವರು ಹಾಳೆ ತಿರುವುತ್ತಿದ್ದರು. ಅವನು ಓದಲಿಲ್ಲ. ಹೆಂಡತಿಯ ತಮ್ಮನಿಗೆ ಒಂದು ಪ್ರತಿ ಕೊಡುವಾಗ ಮೂರು ಸಲ ಯಾಕೆ ಎಂದು ಕೇಳಿದವನು, ಯಜಮಾನರ ಹಾಳೆಗೆ ಬೆರಳಿಗಂಟಿದ ಸಕ್ಕರೆಯನ್ನು ನೆಕ್ಕಿಕೊಂಡು ಸಹಿ ಹಾಕಿದ್ದ. ಬೆಳಗಿನಿಂದ ಅವನು ಮೂರು ಜನರನ್ನು ಅನುಮಾನಿಸಿದ್ದ: ಹೆಂಡತಿ, ಹೆಂಡತಿಯ ತಮ್ಮ, ಮೆರುಗಿನ ಕೆಲಸದವಳು. ಅನುಮಾನಕ್ಕೂ ಮೆಟ್ಟಿಲುಗಳಿದ್ದವು, ಅದು ಸದಾ ಕೆಳಗೇ ಇಳಿಯುತ್ತಿತ್ತು. ಮೇಲಿನ ಮೆಟ್ಟಿಲ ಮೇಲೆ ಕೂತವರ ಹೆಸರು ಅವನ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ.

ಯಜಮಾನರನ್ನು ಎಲ್ಲರೂ ಡಾಕ್ಟ್ರು ಎನ್ನುತ್ತಿದ್ದರು, ಅವರು ಡಾಕ್ಟರಲ್ಲ. ಗಾಜಿನ ಕೋಣೆಯಲ್ಲಿ ಕಾಫಿ ಆರಿಸಿಕೊಳ್ಳುತ್ತಾ ಕೂತಿದ್ದವರು ಅವನನ್ನು ನೋಡಿ, ಬನ್ನಿ ಬನ್ನಿ, ನಾನೇ ಕರೆಸೋಣ ಅಂತಿದ್ದೆ ಎಂದರು. ಅವನು ಕೇಳಬೇಕೆಂದುಕೊಂಡದ್ದು ಬೇರೆ. ಬಾಯಿಂದ ಬಂದದ್ದು, ಸಾರ್, ಅದು ಸಾಕ್ಷಿ ಅಂದಿದ್ರಿ. ಅವರು ಸಾಕ್ಷಿಯೇ ಒಂದು ಥರದಲ್ಲಿ ಎಂದರು. ಕಂತು ಲ್ಯಾಬೇ ಕಟ್ಟುತ್ತದೆ, ಹೆಸರು ಮಾತ್ರ ನಿಮ್ಮದು ಎಂದರು. ಆಮೇಲೆ ನಕ್ಕು, "ನಮ್ಮಲ್ಲಿ ನಿಮ್ಮಷ್ಟು ಸ್ಕೋರು ಯಾರಿಗಿದೆ? ನೀವೇ ತಾನೆ ಎಲ್ಲರಿಗೂ ತೋರಿಸ್ಕೊಂಡು ಓಡಾಡ್ತಿದ್ದಿದ್ದು. ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀರಾ?" ಎಂದರು. ನಿಜ, ತೋರಿಸಿದ್ದ. ಶಾಲೆಯಲ್ಲಿ ಅಂಕಪಟ್ಟಿ ತೋರಿಸಲು ಮುಖವಿಲ್ಲದೆ ಗೋಡೆಗೆ ತಿರುಗಿ ನಿಲ್ಲುತ್ತಿದ್ದವನಿಗೆ ಮೊದಲ ಬಾರಿಗೆ ತೋರಿಸಬಹುದಾದ ಅಂಕ ಬಂದಿತ್ತು. ಯಂತ್ರ ಬಂದರೆ ನನ್ನ ಕೆಲಸ ಎಂದು ಶುರುಮಾಡಿ ಅವನು ನಿಲ್ಲಿಸಿದ. ಅದನ್ನು ಆಮೇಲೆ ನೋಡೋಣ ಎಂದರು ಅವರು. ನಿಮ್ಮ ಅಕ್ಕನ ವಿಷಯ ಕೇಳಿದೆ ಎಂದರು. ನಾಲ್ಕು ದಿನ ರಜೆ ತಗೊಳ್ಳಿ ಎಂದರು. ಕೋಡ್ ಹೇಳಿದ ತಕ್ಷಣ ಲೋಹಕ್ಕೆ ಆರ್ಡರ್ ಹಾಕಿ, ನಿಮ್ಮ ಕಾರ್ಡಲ್ಲೇ, ಒಂದಲ್ಲ ಎರಡು ಡಬ್ಬಿ, ಹಾರಿಕೊಂಡು ಹೋಗಿಬನ್ನಿ ಎಂದರು. ಆ ಹೊತ್ತಿಗೆ ಸರಿಯಾಗಿ ಅವನ ಅಂಗೈಯಲ್ಲಿ ಫೋನು ನಡುಗಿತು. ಆರು ಅಂಕಿ. ಕೆಳಗೆ ಎರಡು ನಿಮಿಷದ ಗಡಿಯಾರ, ಹಿಂದಕ್ಕೆ ಓಡುವಂಥದ್ದು.

ಆರು ಅಂಕಿಗಳಾಚೆ ಅಕ್ಕ ಕೂತಿದ್ದಳು, ಎಡಗಡೆಯ ಹಲ್ಲು ಒಂದು ಗೆರೆ ಬಿಳಿ. ಒಂದು ನಿಮಿಷ ನಲವತ್ತು. ತನ್ನನ್ನು ಮನೆಗೆ ಕಳಿಸಲಿರುವ ಯಂತ್ರಕ್ಕೆ ತಾನೇ ಜಾಮೀನು. ಯಜಮಾನರು ಪೆನ್ನು ಹಿಡಿದು, ಹೇಳಿ ಎಂದರು. ಒಂದು ನಿಮಿಷ. ಮೊದಲ ಅಂಕಿ ನಾಲಿಗೆಯ ಮೇಲೆ ಬಂದು ನಿಂತಿತು. ಗಾಜಿನಾಚೆ ಮೆರುಗಮ್ಮನ ಬೆನ್ನು ಕಾಣುತ್ತಿತ್ತು, ಕೇಳಿಸಿಕೊಳ್ಳುತ್ತಿರುವ ಬೆನ್ನೋ ಕೆಲಸ ಮಾಡುತ್ತಿರುವ ಬೆನ್ನೋ. ಇಪ್ಪತ್ತು ಸೆಕೆಂಡು. ಅವನು ಅದನ್ನೇ ನೋಡುತ್ತಿದ್ದ. ಸೊನ್ನೆ ಬಂತು, ಅಂಕಿಗಳು ಬೂದಾದವು. ಅವರು ಪರವಾಗಿಲ್ಲ, ಇನ್ನೊಂದು ಸಲ ಕಳಿಸೋಕೆ ಹೇಳ್ತೀನಿ ಎಂದರು. ಅವನು, ಬೇಡ ಸಾರ್, ಎಂದ. ಅದು ಧೈರ್ಯವೋ, ನಾಲಿಗೆ ಮರಗಟ್ಟಿದ್ದೋ ಅವನಿಗೇ ತಿಳಿಯಲಿಲ್ಲ. ತನ್ನ ಮೇಲೂ ಅವನಿಗೆ ಅಷ್ಟು ನಂಬಿಕೆ ಇರಲಿಲ್ಲ. ಅವರು ಪೆನ್ನಿನ ಮುಚ್ಚಳ ಹಾಕಿದರು. ಹಾಗಾದರೆ ಇನ್ನು ಮೇಲೆ ಲೋಹ ನಾನೇ ತರಿಸಿಕೊಳ್ಳುತ್ತೇನೆ, ರಜೆಯ ವಿಷಯ ಯೋಚಿಸಬೇಕು, ಬಾಗಿಲು ಹಾಕಿಕೊಂಡು ಹೋಗಿ ಎಂದರು. ಅವನು ಬಾಗಿಲನ್ನು ತೆರೆದೇ ಬಿಟ್ಟು ಬಂದ. ಮರೆತು ಬಿಟ್ಟದ್ದು. ಆದರೂ ಬಿಟ್ಟದ್ದೇ.

ಮೇಜಿನ ಮೇಲೆ ಕಲಸಿದ ಪುಡಿ ಒಣಗಿ ಬಿರುಕು ಬಿಟ್ಟಿತ್ತು. ಅವನು ಕೂತ. ಮೂವತ್ತೆಂಟು ಸಾವಿರದ ಆರುನೂರು ಪಾಯಿಂಟು ಮೂರು ವರ್ಷದ ನಗೆಪಾಟಲನ್ನೆಲ್ಲ ಹೊತ್ತುಕೊಂಡು ಫೋನಿನಲ್ಲಿ ಹಾಗೇ ಇತ್ತು. ಮೆರುಗಮ್ಮ ಬಂದು ಉಜ್ಜಿದ ಹಲ್ಲುಗಳ ತಟ್ಟೆಯನ್ನು ಅವನ ಮುಂದಿಟ್ಟಳು. ಹೋಗಲಿಲ್ಲ. ಕ್ಷಮಿಸಿ ಎನ್ನಬೇಕೆಂದು ಅವನು ಬಾಯಿ ತೆರೆದ, ಬಂದದ್ದು, ಡಾಕ್ಟ್ರೇ ಮಾಡಿದ್ದು, ಎಂಬ ಮಾತು. ಅವಳು, ಗಾಜಿನಾಚೆಯಿಂದ ಎಲ್ಲ ಕೇಳಿಸಿತು ಎಂದಳು. ಅಕ್ಕನ ಹತ್ತಿರ ಹೇಗೆ ಹೋಗುತ್ತೀರಿ ಎಂದು ಕೇಳಿದಳು. ಪಾಯಿಂಟು ಸಾಲುವುದಿಲ್ಲ ಎಂದ. ದುಡ್ಡು ಕೊಟ್ಟು? ಒಂದು ಕಡೆಗೇ ಎರಡು ತಿಂಗಳ ಸಂಬಳ ಎಂದ. ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಕಾರ್ಡಲ್ಲಿ ಜಾಗ ಇಲ್ವಾ?"

"ಇದೆ."

"ಮತ್ತೆ?"

ಈ ಪ್ರಶ್ನೆ ಮೂರು ದಿನದಲ್ಲಿ ಒಂದು ಸಲವೂ ಅವನೊಳಗೆ ಎದ್ದಿರಲಿಲ್ಲ. ಇದ್ದ ಬಾಗಿಲು ಗೋಡೆಯ ಹಾಗೆ ಕಾಣುವಷ್ಟು ಅಭ್ಯಾಸವಾಗಿತ್ತು. "ಮೂವತ್ತು ದಾಟತ್ತೆ," ಎಂದ. "ಮಾರ್ಕ್ಸು ಕಡಿಮೆ ಆಗತ್ತೆ."

"ಆಗ್ಲಿ. ಯಾರು ನೋಡ್ತಾರೆ?" ಎಂದಳು. ಕಷ್ಟ ಬಂದ್ರೆ ಬೇಕಾಗತ್ತೆ ಅಂತ, ಎಂದು ಶುರುಮಾಡಿದವನು ಮಾತನ್ನು ಅಲ್ಲಿಗೇ ಬಿಟ್ಟ. ಅವಳು ಬಟ್ಟೆಯನ್ನು ಗಲ್ಲದ ಕೆಳಗೆ ಎಳೆದಳು. ಎಂಟು ತಿಂಗಳ ನಂತರ ಅವಳ ಪೂರ್ತಿ ಮುಖ ನೋಡಿದ. ಅವತ್ತು ಬಸ್ ನಿಲ್ದಾಣದ ಹತ್ತಿರ ಕೊಡೆ ಕೆಳಗೆ ಕೂತು ಕಾರ್ಡು ಹಂಚುತ್ತಿದ್ದವರ ಹತ್ತಿರ ತಾನೂ ಒಂದು ತೆಗೆದುಕೊಂಡದ್ದು, ಆಸ್ಪತ್ರೆಗೆ ಕಟ್ಟಿದ್ದು, ಚೀಟಿ ಹಣ ಆ ತಿಂಗಳು ಬಾರದೇ ಹೋದದ್ದು, ಈಗ ತಿಂಗಳಿಗೆ ಕನಿಷ್ಠ ಮೊತ್ತ ಅಷ್ಟೇ ಕಟ್ಟುತ್ತಿರುವುದು, ಕಟ್ಟಿದಷ್ಟೂ ಬಡ್ಡಿಗೇ ಹೋಗುವುದು, ಎಲ್ಲವನ್ನೂ ಬೇರೆ ಯಾರದೋ ಮನೆಯ ವಿಷಯದ ಹಾಗೆ ಹೇಳಿದಳು. ಬಿಟ್ಟಿ ಟಿಕೆಟ್ಟಿನ ಹಣವನ್ನು ಬ್ಯಾಂಕು ಎಲ್ಲಿಂದ ತರುತ್ತದೆ ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಅವನು ಆ ಬಿಳಿಹಲ್ಲಿನ ಮನುಷ್ಯನ ಹಾಗೆಯೇ ನಕ್ಕು, ಸಮಯಕ್ಕೆ ಕಟ್ಟದ ದಡ್ಡರ ಬಡ್ಡಿಯಿಂದ, ಎಂದಿದ್ದ. ದಡ್ಡಳ ಕೆನ್ನೆಯ ಮೇಲೆ ಬಟ್ಟೆಯ ಅಂಚಿನ ಗೆರೆ ಬಿದ್ದಿತ್ತು. ಗೆರೆಯ ಮೇಲೆ ಬಿಳಿ ದೂಳು, ಕೆಳಗೆ ಚರ್ಮ. ಮೂವತ್ತೆಂಟು ಸಾವಿರ ಪಾಯಿಂಟಿನಲ್ಲಿ ಅವಳ ಬಡ್ಡಿಯದೆಷ್ಟು?

ಅವನು ಫೋನು ತೆಗೆದ. ಪಾಯಿಂಟಿನ ಗುಂಡಿಯ ಪಕ್ಕದಲ್ಲೇ ಇನ್ನೊಂದು ಗುಂಡಿ ಇತ್ತು, ಪೂರ್ತಿ ಹಣ. ಒಂದು ಸೀಟು ಉಳಿದಿತ್ತು. ಹೋಗುವುದಕ್ಕೆ ಮಾತ್ರ, ಬರುವುದಕ್ಕೆ ರೈಲಿದೆ, ಬಂದ ಮೇಲೆ ಕೆಲಸ ಇರುತ್ತದೋ ಇಲ್ಲವೋ, ಅವಸರವಿಲ್ಲ. ಮನಸ್ಸು ತಾನಾಗಿಯೇ ಕೂಡಿ, ಭಾಗಿಸಿತು: ನೂರಕ್ಕೆ ಎಪ್ಪತ್ತೊಂದು. ಬೆರಳು ಗಾಳಿಯಲ್ಲಿ ನಿಂತಿತು. ಒತ್ತಿದ. ಕಾರ್ಡು ಬ್ಲಾಕ್ ಆಗಿರಲಿಲ್ಲ. ಯಾವ ಸದ್ದೂ ಆಗಲಿಲ್ಲ, ಸೂರು ಬೀಳಲಿಲ್ಲ, ನಾಳೆ ಬೆಳಿಗ್ಗೆ ಆರೂವರೆ ಎಂದು ಬಂತು ಅಷ್ಟೇ.

"ಈಗ ನೀವೂ ನಮ್ಮ ಸಾಲಿಗೇ," ಎಂದಳು ಮೆರುಗಮ್ಮ, ಬಟ್ಟೆ ಮೇಲೆಳೆದುಕೊಳ್ಳುತ್ತಾ. "ಇನ್ಮೇಲೆ ನಿಮ್ಮ ಬಡ್ಡೀಲಿ ಯಾರೋ ಹಾರ್ತಾರೆ."

ಅವನು ಅಕ್ಕನಿಗೆ ಫೋನು ಮಾಡಿದ. ಒರಟಾಗಿ, ಮರಳು ಜರಡಿ ಹಿಡಿದ ಹಾಗೆ ಧ್ವನಿ ಬಂತು. ಬರಲ್ಲ ಅನ್ನೋಕೆ ಮಾಡಿದ್ಯಾ ಎಂದಿತು. ಇಲ್ಲ, ನಾಳೆ ಹತ್ತೂವರೆಗೆ ಇಳೀತೀನಿ ಎಂದ. ಅಷ್ಟು ಪಾಯಿಂಟು ಕೂಡಿತಾ ಎಂದಳು. ಕೂಡಲಿಲ್ಲ ಎಂದ. ಆಮೇಲೆ ಅಕ್ಕ ಏನೋ ಹೇಳಿದಳು, ಮೋಟಾರಿನ ಕಿರುಗುಟ್ಟುವಿಕೆಯಲ್ಲಿ ಕೇಳಿಸಲಿಲ್ಲ. ಏನು ಎಂದು ಕೇಳುವಷ್ಟರಲ್ಲಿ ಕೋಣೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಮೆರುಗಮ್ಮ ಮೋಟಾರು ನಿಲ್ಲಿಸಿ, ಕೈ ಮಡಿಲಲ್ಲಿಟ್ಟುಕೊಂಡು, ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದಳು. ತಾನು ಕೇಳಿಸಿಕೊಳ್ಳಲೆಂದು ನಿಲ್ಲಿಸಿದಳೋ, ಅವನಿಗೆ ಕೇಳಲೆಂದು ನಿಲ್ಲಿಸಿದಳೋ. ಅನುಮಾನ ಹಳೆಯ ದಾರಿಯಲ್ಲೇ ಎದ್ದು ಎರಡು ಮೆಟ್ಟಿಲು ಇಳಿಯಿತು. ಇಳಿದದ್ದನ್ನು ಅವನು ಈ ಸಲ ನೋಡಿದ. ಗಾಜಿನ ಕೋಣೆಯಿಂದ ಯಜಮಾನರು ಮೋಟಾರು ಯಾಕೆ ನಿಂತಿತು ಎಂದು ಕೂಗಿದರು. ಅವಳು ತಿರುಗಲಿಲ್ಲ. ಅವನು ಫೋನನ್ನು ಕಿವಿಗೆ ಒತ್ತಿಕೊಂಡ.

"ಮಾತಾಡಕ್ಕಾ," ಎಂದ. "ಕೇಳಿಸ್ತಿದೆ."